ಕನ್ನಡ ಸಾಲಿಯಿಂದ ಬಂದ ‘ನಿಸರ್ಗ’

ಬೆಳಗಾವಿ ಜಿಲ್ಲೆಯ ಶೇಡಬಾಳದ ಮಿರ್ಜಿ ಅಣ್ಣಾರಾಯರು (1918–1975) ‘ನಿಸರ್ಗ’ ಬರೆದವರು ಎಂಬುದು ಓದುಗರಿಗೆ ಗೊತ್ತಿರುವ ಸಂಗತಿ. ಅವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು ಎಂಬುದನ್ನು ಮಾತ್ರ ಹೊಟ್ಟೆಪಾಡಿನ ವಿವರವೆಂಬಂತೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. 1945ರಲ್ಲಿ ಬಂದ ಆ ಕಾದಂಬರಿ ಗಡಿನಾಡಿನ ಜೈನ ಒಕ್ಕಲುಮನೆಗಳ ಬದುಕನ್ನು ಅಲ್ಲಿಯ ಆಡುಮಾತಿನೊಡನೆ ಹಿಡಿಯಿತು. ಆ ಮಾತು ಕೇಳುವ ಕಿವಿ ಹದಗೊಂಡದ್ದು ಶಾಲೆಯ ಕೋಣೆಯಲ್ಲಿ ಎಂಬುದು ನನ್ನ ವಾದ.

ಬೆಳಗಾವಿ ಸೀಮೆಯಲ್ಲಿ ಪ್ರಾಥಮಿಕ ಶಾಲೆಗೆ ಇಂದಿಗೂ ‘ಕನ್ನಡ ಸಾಲಿ’ ಎನ್ನುವವರಿದ್ದಾರೆ. 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಜಿಲ್ಲೆಯಲ್ಲಿ ಮರಾಠಿ ಸಾಲಿ, ಉರ್ದು ಸಾಲಿ, ಇಂಗ್ಲಿಷ್ ಸಾಲಿಗಳೂ ಇದ್ದವು. ಯಾವ ಸಾಲಿ ಎಂದು ಬಿಡಿಸಿ ಹೇಳಬೇಕಿತ್ತು. ಅಲ್ಲಿ ಕಲಿಸುವವರು ‘ಮೇಷ್ಟ್ರು’ ಅಲ್ಲ, ‘ಮಾಸ್ತರು’. ಅಣ್ಣಾರಾಯರು ಇನ್ನೊಂದು ಕಾದಂಬರಿಗೆ ‘ರಾಮಣ್ಣ ಮಾಸ್ತರು’ ಎಂದೇ ಹೆಸರಿಟ್ಟರು. ಊರಿನವರ ಕರೆಯನ್ನು ಹಾಗೆಯೇ ಮುಖಪುಟಕ್ಕೆ ತಂದ ಆ ಹೆಸರು ನನಗೆ ಬಲು ಪ್ರಿಯ. ಕನ್ನಡ ಸಾಲಿಯೊಳಗೂ ಎರಡು ಕನ್ನಡಗಳು. ಮನೆಯಲ್ಲಿ ‘ಸಾಲಿಗಿ ಹೊಂಟೇನಿ’ ಎಂದು ಹೊರಟ ಹುಡುಗ ಪಾಟಿಯ ಮೇಲೆ ‘ಶಾಲೆಗೆ ಹೋಗುತ್ತೇನೆ’ ಎಂದು ಬರೆಯಬೇಕು. ಈ ಎರಡರ ನಡುವಿನ ದೂರ ದಿನದಿನವೂ ಕಿವಿಗೆ ಬೀಳುವುದು ಮಾಸ್ತರಿಗೆ. ಒಂದನ್ನು ತಿದ್ದುತ್ತ ತಿದ್ದುತ್ತ ಇನ್ನೊಂದರ ಬನಿ ಅವರಿಗೆ ತಿಳಿಯುತ್ತದೆ.

ಅದೇ ಜಿಲ್ಲೆಯ ಬಸವರಾಜ ಕಟ್ಟೀಮನಿ ಪತ್ರಕರ್ತರು, ಮಾಸ್ತರಿಕೆಯಿಲ್ಲದೆಯೂ ದೊಡ್ಡ ಕಾದಂಬರಿಕಾರರಾದರಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಅವರ ‘ಜ್ವಾಲಾಮುಖಿಯ ಮೇಲೆ’ ಪತ್ರಿಕಾ ಜಗತ್ತಿನ ಕಾದಂಬರಿ. ಕಸುಬು ಲೇಖಕನಿಗೆ ಲೋಕವನ್ನೇ ಕಟ್ಟಿಕೊಡುತ್ತದೆ ಎನ್ನಲು ಅದೂ ಸಾಕ್ಷಿ. ಸೀಮೆಯ ಮಾತು ಸೀಮೆ ದಾಟದು ಎಂಬ ಇನ್ನೊಂದು ಆಕ್ಷೇಪಕ್ಕೆ ದೇವನೂರ ಮಹಾದೇವರ ‘ಕುಸುಮಬಾಲೆ’ ಉತ್ತರ ಕೊಟ್ಟಿದೆ. ನಂಜನಗೂಡು ಕಡೆಯ ಆಡುನುಡಿಯ ಆ ಕೃತಿಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ನಿಸರ್ಗ’ ಆ ಕೃತಿಗಿಂತ ದಶಕಗಳಷ್ಟು ಮೊದಲಿನದು. ಇಂದು ಬೆಳಗಾವಿಯ ಸದಾಶಿವನಗರದಲ್ಲಿ, ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡಿ ಇಂಗ್ಲಿಷ್ ಶಾಲೆಯ ಬಸ್ಸು ಹತ್ತುವ ಮಗುವೂ ದಾಟಬೇಕಾದದ್ದು ಮನೆಮಾತಿಗೂ ಶಾಲೆಯ ಮಾತಿಗೂ ನಡುವಿನ ಅದೇ ಹೊಳೆ, ಅದರ ಪಾತ್ರ ಇನ್ನಷ್ಟು ಅಗಲ. ಆ ಮಗುವಿನ ಮನೆಮಾತಿಗೆ ಕಿವಿಗೊಡುವ ಮಾಸ್ತರರು ನಮಗೆ ಬೇಕು. ಅಂಥವರ ಕೈಗೆ ಮೊದಲು ಕೊಡಬೇಕಾದ ಪುಸ್ತಕ ‘ನಿಸರ್ಗ’.