ಕಲ್ಲಚ್ಚಿನಲ್ಲಿ ಉಳಿದ ಗ್ರೀಕ್ ವೀರರ ಮುಖಗಳು

ಗ್ರೀಸ್ ದೇಶವು 2002ರಲ್ಲಿ ಯೂರೋ ನಗದಿಗೆ ಬದಲಾಗುವವರೆಗೂ ಅಲ್ಲಿನ 5000 ದ್ರಾಖ್ಮಾ ನೋಟಿನ ಮೇಲೆ ಒಬ್ಬ ಹಿರಿಯ ಸೇನಾನಿಯ ಚಿತ್ರವಿತ್ತು. ಆತ ಥಿಯೊಡೊರೊಸ್ ಕೊಲೊಕೊಟ್ರೊನಿಸ್. 1821ರಲ್ಲಿ ಆಟೋಮನ್ ಸಾಮ್ರಾಜ್ಯದ ವಿರುದ್ಧ ಸಿಡಿದೆದ್ದ ಗ್ರೀಕರ ಪ್ರಮುಖ ದಂಡನಾಯಕ. ಛಾಯಾಚಿತ್ರಣದ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಅಷ್ಟರೊಳಗೆ ಯುದ್ಧ ಮುಗಿದಿತ್ತು, ವೀರರಲ್ಲಿ ಹಲವರು ಮಡಿದಿದ್ದರು. ಹಾಗಿದ್ದ ಮೇಲೆ ಅವರ ಮುಖಗಳು ನಮಗೆ ತಿಳಿದದ್ದು ಹೇಗೆ?

ಉತ್ತರವಿರುವುದು ಅಂದಿನ ಮುದ್ರಿತ ಭಾವಚಿತ್ರಗಳಲ್ಲಿ. ಗ್ರೀಕರ ಹೋರಾಟ ಯುರೋಪಿನಲ್ಲಿ ಅಪಾರ ಅನುಕಂಪ ಗಳಿಸಿತ್ತು. ಕವಿ ಬೈರನ್ 1824ರಲ್ಲಿ ಮಿಸೊಲೊಂಗಿಯಲ್ಲಿ ತೀರಿಕೊಂಡ ಬಳಿಕ ಅದು ಇನ್ನಷ್ಟು ಹೆಚ್ಚಿತು. ವೀರರ ಚಿತ್ರಗಳಿಗೆ ಬೇಡಿಕೆ ಹುಟ್ಟಿದಾಗ, ಗ್ರೀಸನ್ನೇ ಕಾಣದ ಕಲಾವಿದರೂ ಮೀಸೆ, ಪೇಟ, ಪಿಸ್ತೂಲುಗಳನ್ನು ಸೇರಿಸಿ ಮುಖಗಳನ್ನು ಕಲ್ಪಿಸಿಕೊಟ್ಟರು. ತನ್ನನ್ನು ಬ್ಯಾರನ್ ಎಂದು ಕರೆದುಕೊಳ್ಳುತ್ತಿದ್ದ ಡೆನ್ಮಾರ್ಕಿನ ಆಡಂ ಫ್ರೀಡೆಲ್ ಗ್ರೀಸಿಗೆ ಹೋಗಿಬಂದವನೇ. ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಆತ 24 ಭಾವಚಿತ್ರಗಳ ಮಾಲೆಯನ್ನು ಹೊರತಂದ. ಅದು ಚೆನ್ನಾಗಿ ಪ್ರಚಾರವಾಯಿತು. ಆದರೆ ಆ ಬ್ಯಾರನ್ ಪದವಿಯಂತೆಯೇ ಅವನ ಮುಖಗಳನ್ನೂ ಪೂರ್ತಿ ನಂಬುವುದು ಕಷ್ಟ.

ಕಾರ್ಲ್ ಕ್ರಾಟ್ಸೈಜೆನ್‌ನ ಸಂಗತಿ ಬೇರೆ. ಬವೇರಿಯಾದ ಈ ಸೇನಾಧಿಕಾರಿ 1826ರಲ್ಲಿ ಗ್ರೀಕರ ಪರ ಹೋರಾಡಲು ಬಂದವನು. ಬಿಡುವು ದೊರೆತಾಗಲೆಲ್ಲ ನಾಯಕರನ್ನು ಎದುರಿಗೆ ಕೂರಿಸಿಕೊಂಡು ಪೆನ್ಸಿಲಿನಲ್ಲಿ ಚಿತ್ರಿಸಿದ. ಬಳಿಕ ಚಿತ್ರದ ಕೆಳಗೆ ಅವರಿಂದಲೇ ಸಹಿ ಪಡೆದ. ಖಡ್ಗಕ್ಕಿದ್ದಷ್ಟು ರೂಢಿ ಲೇಖನಿಗಿಲ್ಲದ ಕೈಗಳ ಆ ಸಹಿಗಳೇ ಇಂದು ದೊಡ್ಡ ಸಾಕ್ಷಿ. ಕೊಲೊಕೊಟ್ರೊನಿಸ್‌ನನ್ನು ಆತ ಚಿತ್ರಿಸಿದ್ದು 1827ರಲ್ಲಿ. ಅದೇ ವರ್ಷದ ವಸಂತದಲ್ಲಿ ಅಥೆನ್ಸ್ ಸಮೀಪದ ಫಾಲಿರೊದಲ್ಲಿ ಗುಂಡೇಟಿಗೆ ಬಲಿಯಾದ ಕರೈಸ್ಕಾಕಿಸ್‌ನ ಮುಖವೂ ಅವನ ಸಂಗ್ರಹದಲ್ಲಿದೆ. ಕೆಲವು ತಿಂಗಳು ತಡವಾಗಿದ್ದರೆ ಅದು ಸಿಗುತ್ತಿರಲಿಲ್ಲ.

ಊರಿಗೆ ಮರಳಿದ ಕ್ರಾಟ್ಸೈಜೆನ್ 1828ರಿಂದ 1831ರವರೆಗೆ ಮ್ಯೂನಿಕ್‌ನಲ್ಲಿ ಈ ಚಿತ್ರಗಳನ್ನು ಕಂತುಗಳಾಗಿ ಕಲ್ಲಚ್ಚಿನಲ್ಲಿ ಪ್ರಕಟಿಸಿದ. ಕಲ್ಲಚ್ಚು ಅಲ್ಲಿಯೇ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ವಿದ್ಯೆ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಕಲ್ಲನ್ನು ಸಂಸ್ಕರಿಸಿ ನೀರಿನಿಂದ ತೋಯಿಸಿದರೆ, ಮಸಿ ಜಿಡ್ಡಿನ ಗೆರೆಗಳಿಗೆ ಮಾತ್ರ ಅಂಟುತ್ತದೆ. ತಾಮ್ರದ ತಗಡನ್ನು ಕೊರೆಯುವ ಶ್ರಮವಿಲ್ಲ. ಪೆನ್ಸಿಲಿನ ಮೃದು ನೆರಳೂ ಹಾಗೆಯೇ ಮೂಡುತ್ತದೆ. (ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ 1843ರಲ್ಲಿ ಇದೇ ಕಲ್ಲಚ್ಚಿನಲ್ಲಿ ಅಚ್ಚಾಯಿತು.) ಒಂದೇ ತೊಡಕೆಂದರೆ ಕಲ್ಲಿನ ಮೇಲಿನ ಬರಹ ಕಾಗದದಲ್ಲಿ ತಿರುವುಮುರುವಾಗಿ ಬರುತ್ತದೆ. ಹೀಗಾಗಿ ವೀರರ ಸಹಿಗಳನ್ನು ನಕಲು ಮಾಡಲು ವಿಶೇಷ ಎಚ್ಚರ ಬೇಕಿತ್ತು.

ಎಲ್ಲರಿಗೂ ಈ ಭಾಗ್ಯವಿರಲಿಲ್ಲ. ಮಾರ್ಕೊಸ್ ಬೊಟ್ಸಾರಿಸ್ 1823ರಲ್ಲೇ ರಣರಂಗದಲ್ಲಿ ಮಡಿದಿದ್ದ. ಸ್ಪೆಟ್ಸಸ್ ದ್ವೀಪದ ನೌಕಾ ನಾಯಕಿ ಬುಬುಲಿನಾ 1825ರಲ್ಲಿ ಕೌಟುಂಬಿಕ ಕಲಹದಲ್ಲಿ ಗುಂಡಿಗೆ ಬಲಿಯಾಗಿದ್ದಳು. 1988ರ ಒಂದು ದ್ರಾಖ್ಮಾ ನಾಣ್ಯದಲ್ಲಿ ಅವಳ ಮುಖವೂ ಇದೆ. ಫ್ರೀಡೆಲ್‌ನ ಮಾಲೆಯಲ್ಲೂ ಅವಳ ಚಿತ್ರವುಂಟು, ಆದರೆ ಅದಕ್ಕೆ ಅವಳ ಸಹಿಯ ಆಧಾರವಿಲ್ಲ.

ಕ್ರಾಟ್ಸೈಜೆನ್ 1878ರಲ್ಲಿ ನಿಧನನಾದ. ಮೂಲ ಪೆನ್ಸಿಲ್ ಚಿತ್ರಗಳು ಮ್ಯೂನಿಕ್‌ನಲ್ಲಿ ಅವನ ಮಗಳ ಬಳಿ ಉಳಿದಿದ್ದವು. ಅಥೆನ್ಸ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದ ಅಂದಿನ ನಿರ್ದೇಶಕ ಜಖಾರಿಯಾಸ್ ಪಾಪಾಂಟೊನಿಯು ಅವುಗಳನ್ನು 1926ರಲ್ಲಿ ಖರೀದಿಸಿ ಗ್ರೀಸಿಗೆ ತಂದರು.