ಹೋಟೆಲಿನಲ್ಲಿ ರೋಬಾಟ್: ಸೊಂಟದ ಭಾರ ತಲೆಗೆ?

ಹೋಟೆಲ್ ಕೋಣೆಯಲ್ಲಿ ಹಾಸಿಗೆಗೆ ಬಿಗಿಯಾಗಿ ಹೊದಿಸಿದ ಬಿಳಿ ಹೊದಿಕೆಯನ್ನು ನೀವು ಮೆಚ್ಚಿರಬಹುದು. ಅದಕ್ಕಾಗಿ ಯಾರೋ ಒಬ್ಬರು ಬಗ್ಗಿ ಆ ಭಾರವಾದ ಹಾಸಿಗೆಯ ಮೂಲೆಗಳನ್ನು ಎತ್ತಿರುತ್ತಾರೆ. ದಿನಕ್ಕೆ ಹತ್ತಾರು ಬಾರಿ. ಸೊಂಟ, ಭುಜ, ಮಣಿಕಟ್ಟಿನ ನೋವು ಈ ನೌಕರರಲ್ಲಿ ಸಾಮಾನ್ಯ. ಅಂದಮೇಲೆ ಕೆಲಸಕ್ಕೆ ರೋಬಾಟ್ ಬಂದರೆ ಒಳ್ಳೆಯದೇ ಅಲ್ಲವೇ?

ಒಳ್ಳೆಯದೇ. ಆದರೆ ಜಪಾನಿನ ನಾಗಸಾಕಿ ಪ್ರಾಂತ್ಯದಲ್ಲಿ 2015ರಲ್ಲಿ ಆರಂಭವಾದ 'ಹೆನ್ ನಾ ಹೋಟೆಲ್'ನ ಕಥೆ ಕೇಳಿ. ಅಲ್ಲಿ ಅತಿಥಿಗಳನ್ನು ಸ್ವಾಗತಿಸಿದ್ದು ಡೈನೋಸಾರ್ ರೂಪದ ರೋಬಾಟ್! ಕೋಣೆಯಲ್ಲಿದ್ದ ಗೊಂಬೆಯಂತೂ ಅತಿಥಿಯ ಗೊರಕೆಯನ್ನೇ ಮಾತೆಂದು ತಿಳಿದು, ನಡುರಾತ್ರಿ ಎಬ್ಬಿಸಿ ಏನು ಬೇಕೆಂದು ಕೇಳುತ್ತಿತ್ತು. ಸಾಮಾನು ಹೊರುವ ಯಂತ್ರಗಳಿಗೆ ಮಳೆ ಆಗುತ್ತಿರಲಿಲ್ಲ. ಇವನ್ನೆಲ್ಲ ಸಂಭಾಳಿಸಲು ನೌಕರರು ಹೆಚ್ಚು ಹೊತ್ತು ದುಡಿಯಬೇಕಾಯಿತು. ಕೊನೆಗೆ 243 ರೋಬಾಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೈಬಿಟ್ಟ ಸುದ್ದಿ 2019ರ ಜನವರಿಯಲ್ಲಿ ಬಂತು.

ನಗು ಬರುತ್ತದೆ, ನಿಜ. ಆದರೆ ಅಲ್ಲಿ ದುಡಿದವರಿಗೆ ಅದು ನಗುವಿನ ಮಾತಾಗಿರಲಾರದು. ಯಂತ್ರ ಯಾವಾಗ ನಿಂತೀತೋ ಎಂದು ಸದಾ ಕಾಯುವುದೂ ದುಡಿಮೆಯೇ. ದೇಹ ಕೂತಿದ್ದರೂ ಮನಸ್ಸು ವಿರಮಿಸುವುದಿಲ್ಲ. ಕತ್ತು ಬಿಗಿಯುತ್ತದೆ, ತಲೆ ಸಿಡಿಯುತ್ತದೆ. ಇದರ ಜೊತೆಗೆ 'ನಾಳೆ ನನ್ನ ಕೆಲಸವೂ ಹೋದೀತೇ' ಎಂಬ ಅಳುಕು ಸೇರಿದರೆ ಮೊದಲು ಕೆಡುವುದು ನಿದ್ರೆ.

ಇನ್ನೊಂದು ಸಂಗತಿ. ಈಗ ಹಲವು ಹೋಟೆಲುಗಳಲ್ಲಿರುವ ರೋಬಾಟ್ ಟವೆಲನ್ನು ಬಾಗಿಲವರೆಗೆ ಒಯ್ಯಬಲ್ಲದು, ನೆಲ ಗುಡಿಸಬಲ್ಲದು. ಹಾಸಿಗೆ ಎತ್ತುವುದು, ಸ್ನಾನದ ಮನೆ ತಿಕ್ಕುವುದು ಮನುಷ್ಯರ ಪಾಲಿಗೇ ಉಳಿದಿದೆ. ಹಗುರ ಕೆಲಸ ತಪ್ಪಿತೆಂದು ಇನ್ನೂ ನಾಲ್ಕು ಕೋಣೆ ಹೆಚ್ಚಿಗೆ ವಹಿಸಿದರೆ? ಸೊಂಟಕ್ಕೆ ಬಿಡುವು ಸಿಗುವ ಬದಲು ಭಾರವೇ ಹೆಚ್ಚುತ್ತದೆ. 2018ರಲ್ಲಿ ಅಮೆರಿಕದ ಹಲವು ನಗರಗಳಲ್ಲಿ ಮ್ಯಾರಿಯಟ್ ಹೋಟೆಲುಗಳ ನೌಕರರು ಮುಷ್ಕರ ಹೂಡಿದಾಗ, ಹೊಸ ಯಂತ್ರ ತರುವ ವಿಚಾರದಲ್ಲಿ ತಮ್ಮ ಮಾತೂ ನಡೆಯಬೇಕೆಂಬುದು ಅವರ ಬೇಡಿಕೆಗಳಲ್ಲೊಂದಾಗಿತ್ತು. ವೈದ್ಯಕೀಯ ದೃಷ್ಟಿಯಿಂದಲೂ ಅದು ಸರಿಯೇ.

ನೀವು ಅಥವಾ ನಿಮ್ಮ ಮನೆಯವರು ಇಂಥ ಕಡೆ ದುಡಿಯುತ್ತಿದ್ದರೆ, ಯಂತ್ರ ಕೆಟ್ಟಾಗ ಕರೆಯಬೇಕಾದವರು ಯಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ದುರಸ್ತಿಗೆ ಹೋದ ಸಮಯವನ್ನು ಬರೆದಿಡಿ. ಪಾಳಿಯ ಲೆಕ್ಕಕ್ಕೆ ಬೇಕಾಗುತ್ತದೆ. ಹಾಸಿಗೆ ಎತ್ತುವಾಗ ಸೊಂಟವನ್ನಲ್ಲ, ಮಂಡಿಯನ್ನು ಬಗ್ಗಿಸಿ. ಎರಡು ಮೂರು ವಾರವಾದರೂ ನಿದ್ರೆ ಸರಿಹೋಗದಿದ್ದರೆ, ನೋವು ಇಳಿಯದಿದ್ದರೆ ವೈದ್ಯರನ್ನು ಕಾಣಿ. ಕೆಲಸದ ವಿವರ ಹೇಳುವಾಗ ರೋಬಾಟ್ ವಿಷಯವನ್ನೂ ಸಂಕೋಚವಿಲ್ಲದೆ ಹೇಳಿ.