ಗಣಕಯಂತ್ರದ ವೇಷಾಂತರ

ಶಾಲೆಯಲ್ಲಿ ಒಂದು ಬಗೆಯ ಗಣಕಯಂತ್ರವನ್ನೂ ಮನೆಯಲ್ಲಿ ಮತ್ತೊಂದು ಬಗೆಯದನ್ನೂ ಕಾಣುವ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಕೇರಳದ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆ ಒದಗಿಸಿದ ಲಿನಕ್ಸ್ ವ್ಯವಸ್ಥೆ ರೂಢಿಯಲ್ಲಿದೆ; ಮನೆಗಳಲ್ಲಿಯಾದರೋ ವಿಂಡೋಸ್ ಕಾಣಸಿಗುವುದೇ ಹೆಚ್ಚು. ಪರದೆಯ ಮೇಲಣ ರೂಪ ಬದಲಾದೊಡನೆ, ಕಲಿತುದೆಲ್ಲ ಮರೆತುಹೋಯಿತೇನೋ ಎಂಬ ಅಳುಕು ಎಳೆಯರಿಗೂ ಹಿರಿಯರಿಗೂ ಸಹಜ. ಆದರೆ ಆ ರೂಪವು ಯಂತ್ರಕ್ಕೆ ತೊಡಿಸಿದ ವೇಷವಷ್ಟೆ. ಒಂದರ ವೇಷವನ್ನು ಇನ್ನೊಂದಕ್ಕೆ ತೊಡಿಸುವುದೂ ಸಾಧ್ಯ. ಅದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಗಣಕಯಂತ್ರದ ಸಕಲ ವ್ಯವಹಾರವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಕಿಟಕಿಯ ಚೌಕಟ್ಟು, ಗುಂಡಿ, ಚಿತ್ರ, ಬಣ್ಣ, ಅಕ್ಷರ ಇವುಗಳ ರೂಪವನ್ನು ಗೊತ್ತುಪಡಿಸುವ ಕಡತಗಳ ಸಮೂಹವೇ ‘ಥೀಮ್’. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರ ರೂಪವನ್ನು ಲಿನಕ್ಸ್‌ನಲ್ಲಿ ನಡೆಯುವ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪಿಗೆ ಅಳವಡಿಸಿದ ‘ಷಿಕಾಗೋ 95’ ಎಂಬ ಥೀಮ್ ಒಂದುಂಟು. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲ ಕೆಲಸ ನಿರೀಕ್ಷಣೆ. ಪರದೆಯ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಇವುಗಳ ಮಿಶ್ರಣ. ಒಂದೊಂದರ ಪ್ರಮಾಣವನ್ನೂ 0 ಯಿಂದ 255ರವರೆಗಿನ ಸಂಖ್ಯೆಯಿಂದ ಸೂಚಿಸುತ್ತಾರೆ. ವಿಂಡೋಸ್ 95ರ ಶೀರ್ಷಿಕೆಪಟ್ಟಿಯ ಕಡುನೀಲಿ 0, 0, 128. ಗುಂಡಿಗಳ ಬೂದುಬಣ್ಣ 192, 192, 192. ಹಿನ್ನೆಲೆಯ ಹಸಿರುನೀಲಿ 0, 128, 128. ಗುಂಡಿ ಉಬ್ಬಿದಂತೆ ಕಾಣುವುದಕ್ಕೆ ಕಾರಣವೇನು? ಅದರ ಮೇಲಂಚಿಗೂ ಎಡಅಂಚಿಗೂ ಬಿಳಿಗೆರೆ, ಕೆಳಅಂಚಿಗೂ ಬಲಅಂಚಿಗೂ ಕಪ್ಪುಗೆರೆ. ಒತ್ತಿದಾಗ ಬೆಳಕು ನೆರಳುಗಳು ಅದಲುಬದಲಾಗುತ್ತವೆ. ಗುಂಡಿ ತಗ್ಗಿದಂತೆ ಕಣ್ಣಿಗೆ ತೋರುತ್ತದೆ.

ಎರಡನೆಯದು ಕೆಲಸದ ವಿಭಾಗವನ್ನು ಅರಿಯುವುದು. ಎಕ್ಸ್‌ಎಫ್‌ಸಿಇಯಲ್ಲಿ ಕಿಟಕಿಯ ಚೌಕಟ್ಟನ್ನು ಬಿಡಿಸುವ ತಂತ್ರಾಂಶ ಬೇರೆ, ಒಳಗಿನ ಗುಂಡಿ ಪಟ್ಟಿಗಳನ್ನು ಬಿಡಿಸುವುದು ಬೇರೆ. ಚೌಕಟ್ಟಿಗೆ ನಾಲ್ಕು ಬದಿ, ನಾಲ್ಕು ಮೂಲೆಗಳ ಪುಟ್ಟ ಚಿತ್ರಗಳನ್ನು ಸಿದ್ಧಪಡಿಸಬೇಕು. ಬಳಕೆಯಲ್ಲಿರುವ ಕಿಟಕಿಗೊಂದು ಜೊತೆ, ಹಿಂದೆ ಸರಿದ ಕಿಟಕಿಗೊಂದು ಜೊತೆ. ಒಳಭಾಗವನ್ನು ಜಿಟಿಕೆ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಅದರ ಮೂರನೆಯ ಆವೃತ್ತಿಗೆ ಜಾಲಪುಟಗಳನ್ನು ಅಲಂಕರಿಸುವ ಸಿಎಸ್ಎಸ್ ಭಾಷೆಯ ಮಾದರಿಯಲ್ಲೇ ನಿಯಮಗಳನ್ನು ಬರೆಯಬೇಕು.

ಮೂರನೆಯದು ಚಿತ್ರಗಳ ನಾಮಕರಣ. ಲಿನಕ್ಸ್‌ನಲ್ಲಿ ಒಂದೊಂದು ಚಿತ್ರಕ್ಕೂ ಒಪ್ಪಿತವಾದ ಹೆಸರಿದೆ. ಕಸದ ಬುಟ್ಟಿಯ ಚಿತ್ರ ಎಷ್ಟೇ ಅಂದವಾಗಿರಲಿ, ಕಡತಕ್ಕೆ ‘ಯೂಸರ್-ಟ್ರ್ಯಾಶ್’ ಎಂಬ ಹೆಸರಿಲ್ಲದಿದ್ದರೆ ವ್ಯವಸ್ಥೆ ಅದನ್ನು ಗುರುತಿಸದು. ತುಂಬಿದ ಬುಟ್ಟಿಗೆ ಬೇರೆಯೇ ಹೆಸರು.

ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಶೀರ್ಷಿಕೆಪಟ್ಟಿಯನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಕತ್ತರಿಸಲಾಗಿತ್ತು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಅವುಗಳ ಬುಡ ಕತ್ತರಿಸಿಹೋಗಬಹುದು. ಪಟ್ಟಿಯ ಎತ್ತರ ಅದರ ಚಿತ್ರದ ಎತ್ತರವನ್ನು ಅನುಸರಿಸುವುದರಿಂದ, ಚಿತ್ರವನ್ನೇ ಹಿಗ್ಗಿಸಬೇಕು. ಮೂಲದ ಯಥಾವತ್ ಅನುಕರಣೆಗಿಂತ ನಮ್ಮ ನುಡಿ ಸ್ಪಷ್ಟವಾಗಿ ಓದಿಬರುವುದು ಮುಖ್ಯ.

ಈ ಕಾರ್ಯಕ್ಕೆ ಮಿತಿಗಳೂ ಉಂಟು. ವೇಷ ಬದಲಾದ ಮಾತ್ರಕ್ಕೆ ವಿಂಡೋಸ್‌ನ ತಂತ್ರಾಂಶಗಳು ಲಿನಕ್ಸ್‌ನಲ್ಲಿ ನಡೆಯಲಾರವು. ಕೆಲವು ಹೊಸ ತಂತ್ರಾಂಶಗಳು ತಮ್ಮ ಚೌಕಟ್ಟನ್ನು ತಾವೇ ಬಿಡಿಸಿಕೊಂಡು ಥೀಮನ್ನು ಲೆಕ್ಕಿಸುವುದಿಲ್ಲ. ಪರರ ಅಕ್ಷರವಿನ್ಯಾಸ, ಲಾಂಛನಗಳನ್ನು ಅನುಮತಿಯಿಲ್ಲದೆ ಹಂಚುವುದು ನ್ಯಾಯವಲ್ಲ. ವಿಂಡೋಸ್ 95ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2001ರ ಡಿಸೆಂಬರ್ 31ಕ್ಕೆ ಮುಗಿದಿದೆ. ಆದುದರಿಂದ ಹಳೆಯ ರೂಪ ಬೇಕೆನಿಸಿದವರು, ರಕ್ಷಣೆಯುಳ್ಳ ಹೊಸ ವ್ಯವಸ್ಥೆಗೆ ಆ ರೂಪವನ್ನು ತೊಡಿಸುವುದೇ ಕ್ಷೇಮಕರ. ಅಪರಿಚಿತ ಮೂಲಗಳಿಂದ ಥೀಮ್‌ಗಳನ್ನು ಇಳಿಸಿಕೊಳ್ಳದಂತೆ ಪೋಷಕರು ಎಚ್ಚರ ವಹಿಸಬೇಕು.

ವಿದ್ಯಾರ್ಥಿಗಳು ಚಿಕ್ಕದರಿಂದ ಆರಂಭಿಸಲಿ. ತಮ್ಮ ಖಾತೆಯ ‘ಥೀಮ್ಸ್’ ಕೋಶದಲ್ಲಿ ಒಂದು ಥೀಮಿನ ಪ್ರತಿಯನ್ನಿರಿಸಿ, ಬಣ್ಣದ ಒಂದೇ ಸಂಖ್ಯೆಯನ್ನು ಬದಲಿಸಿ ಫಲವನ್ನು ನೋಡಲಿ. ಹಿಡಿಸದಿದ್ದರೆ ಮೊದಲಿನ ಥೀಮನ್ನು ಮತ್ತೆ ಆರಿಸಿಕೊಂಡರಾಯಿತು. ಇತರರ ಖಾತೆಗೆ ಬಾಧೆಯಿಲ್ಲ. ಹೀಗೆ ವೇಷವನ್ನು ಕೈಯಾರೆ ಕಟ್ಟಿದ ಬಾಲಕ ಬಾಲಿಕೆಯರು, ಮುಂದೆ ಯಾವ ಯಂತ್ರ ಯಾವ ವೇಷದಲ್ಲಿ ಎದುರಾದರೂ ಅಂಜಲಾರರು.